ಕಾಲಡಿಯ ಪುಟ್ಟ ಪೆಟ್ಟಿಗೆಗಳು

ಅಮೆರಿಕದ ನ್ಯಾಶ್‌ವಿಲ್ ನಗರದ ಒಂದು ಧ್ವನಿಮುದ್ರಣ ಕೇಂದ್ರದಲ್ಲಿ ಮಾರ್ಟಿ ರಾಬಿನ್ಸ್ ಎಂಬ ಗಾಯಕರ ಹಾಡು ಮುದ್ರಣವಾಗುತ್ತಿತ್ತು. 1961ರಲ್ಲಿ ಹೊರಬಂದ ಆ ಹಾಡಿನ ಹೆಸರು ‘ಡೋಂಟ್ ವರಿ’. ಮೆಲುದನಿಯ, ಸಾವಧಾನದ ಹಾಡು. ಅದರ ನಡುವೆ ಗ್ರೇಡಿ ಮಾರ್ಟಿನ್ ಆರು ತಂತಿಯ ಬೇಸ್ ಗಿಟಾರಿನಲ್ಲಿ ಒಂದು ಪುಟ್ಟ ತುಣುಕು ನುಡಿಸಿದರು. ಮಿಕ್ಸಿಂಗ್ ಮೇಜಿನ ಒಂದು ಚಾನೆಲ್ ಆಗಲೇ ಕೈಕೊಟ್ಟಿತ್ತು. ದುಂಡಗೆ ತುಂಬಿ ಬರಬೇಕಾದ ದನಿ ಗರಗರನೆ ಒಡೆದು ಬಂತು. ಅಳಿಸಿ ಮತ್ತೊಮ್ಮೆ ಮುದ್ರಿಸಬಹುದಿತ್ತು; ಅಲ್ಲಿದ್ದವರು ಅದನ್ನು ಹಾಗೆಯೇ ಉಳಿಸಿಕೊಂಡರು. ಹಾಡು ಗೆದ್ದಿತು. ಆ ಒಡಕು ದನಿ ತಮಗೂ ಬೇಕೆಂದು ಬೇರೆ ಸಂಗೀತಗಾರರು ಕೇಳತೊಡಗಿದರು.

ಮುದ್ರಣದ ಹೊಣೆ ಹೊತ್ತಿದ್ದ ಎಂಜಿನಿಯರ್ ಗ್ಲೆನ್ ಸ್ನಾಡಿ, ಕೆಟ್ಟ ಚಾನೆಲ್ಲಿನ ಆ ದನಿಯನ್ನು ಬೇಕೆಂದಾಗ ಬರುವಂತೆ ಮಾಡಲು ರೆವಿಸ್ ಹಾಬ್ಸ್ ಎಂಬ ಇನ್ನೊಬ್ಬ ಎಂಜಿನಿಯರರ ಜೊತೆ ಸೇರಿ ಒಂದು ಸರ್ಕ್ಯೂಟ್ ರೂಪಿಸಿದರು. ಮೂರು ಜರ್ಮೇನಿಯಂ ಟ್ರಾನ್ಸಿಸ್ಟರುಗಳು, ಒಂದಿಷ್ಟು ಬಿಡಿಭಾಗಗಳು, ಕಾಲಿನಿಂದ ಒತ್ತುವ ಒಂದು ಸ್ವಿಚ್ಚು. ಗಿಬ್ಸನ್ ಕಂಪನಿ ಅದನ್ನು ಕೊಂಡು 1962ರಲ್ಲಿ ‘ಮೇಸ್ಟ್ರೋ ಫಝ್‌ಟೋನ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಮೂರು ವರ್ಷ ಅದನ್ನು ಕೇಳುವವರು ಹೆಚ್ಚಿರಲಿಲ್ಲ. 1965ರ ಮೇ ತಿಂಗಳಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಹಾಲಿವುಡ್ಡಿನಲ್ಲಿ ‘ಸ್ಯಾಟಿಸ್ಫ್ಯಾಕ್ಷನ್’ ಮುದ್ರಿಸುವಾಗ ಆ ಪೆಟ್ಟಿಗೆಯನ್ನು ತುಳಿದರು. ಮುಂದೆ ಊದುವ ವಾದ್ಯಗಳು ನುಡಿಸಬೇಕಾದ ಜಾಗವನ್ನು ತೋರಿಸಲು ಹಾಕಿದ ಗುರುತು ಅದು ಎಂದೇ ಅವರ ಎಣಿಕೆ. ಗುರುತೇ ಹಾಡಾಗಿ ಉಳಿಯಿತು. ಆ ವರ್ಷ ಮುಗಿಯುವ ಹೊತ್ತಿಗೆ ಅಂಗಡಿಗಳಲ್ಲಿದ್ದ ಫಝ್‌ಟೋನುಗಳೆಲ್ಲ ಖರ್ಚಾಗಿದ್ದವು.

ಅಂದಿನಿಂದ ಇಂದಿನವರೆಗೆ ಬಂದ ಇಂಥ ಕಾಲಡಿಯ ಪೆಟ್ಟಿಗೆಗಳಿಗೆ, ಅಂದರೆ ಪೆಡಲುಗಳಿಗೆ, ಲೆಕ್ಕವಿಲ್ಲ. ಬೆಂಗಳೂರಿನ ಯಾವುದೇ ದೊಡ್ಡ ವಾದ್ಯದಂಗಡಿಗೆ ಹೋದರೂ ಗಾಜಿನ ಕಪಾಟಿನಲ್ಲಿ ಬಣ್ಣಬಣ್ಣದ ಪೆಟ್ಟಿಗೆಗಳು ಸಾಲಾಗಿ ಕೂತಿರುತ್ತವೆ. ಗಿಟಾರ್ ಕಲಿಯುತ್ತಿರುವ ಹುಡುಗ ಹುಡುಗಿಯರು ಅದರ ಮುಂದೆ ನಿಂತು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಪಿಂಕ್ ಫ್ಲಾಯ್ಡಿನ ಡೇವಿಡ್ ಗಿಲ್ಮೋರ್ ಹಾಗೆ, ಜಿಮಿ ಹೆಂಡ್ರಿಕ್ಸ್ ಹಾಗೆ, ಕ್ವೀನ್ ತಂಡದ ಬ್ರಯಾನ್ ಮೇ ಹಾಗೆ ದನಿ ಬರಬೇಕಾದರೆ ಯಾವುದನ್ನು ಕೊಳ್ಳಬೇಕು? ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಪೆಟ್ಟಿಗೆಯ ಹೆಸರಿನಲ್ಲಿ ಸಿಗುವುದು ಅಪರೂಪ. ಆ ದನಿ ಯಾವ ಕಾರಣದಿಂದ ಹುಟ್ಟಿತು ಎಂದು ತಿಳಿದವರು ಮೂರೇ ಪೆಡಲುಗಳಲ್ಲಿ ಅದರ ಸಮೀಪಕ್ಕೆ ಹೋಗುತ್ತಾರೆ. ತಿಳಿಯದವರು ಹದಿಮೂರು ಕೊಂಡರೂ ದೂರವೇ ಉಳಿಯುತ್ತಾರೆ.

ಮೊದಲು ಕೇಳಿಕೊಳ್ಳಬೇಕಾದದ್ದು, ಆ ಧ್ವನಿಮುದ್ರಣದಲ್ಲಿ ಪೆಡಲ್ ಇತ್ತೇ ಎಂದು. ಎಷ್ಟೋ ಹೆಸರಾಂತ ದನಿಗಳಲ್ಲಿ ಇರಲಿಲ್ಲ. 1964ರಲ್ಲಿ ಬಂದ ‘ಯೂ ರಿಯಲಿ ಗಾಟ್ ಮಿ’ ಹಾಡಿಗಾಗಿ ಕಿಂಕ್ಸ್ ತಂಡದ ಡೇವ್ ಡೇವೀಸ್ ತಮ್ಮ ಅಗ್ಗದ ಆಂಪ್ಲಿಫೈಯರಿನ ಸ್ಪೀಕರ್ ಕಾಗದವನ್ನು ಬ್ಲೇಡಿನಿಂದ ಸೀಳಿದ್ದರು. ಆ ಹಾಡಿನ ಒರಟುತನ ಹರಿದ ಕಾಗದದ್ದು. ಬೀಟಲ್ಸ್ 1968ರಲ್ಲಿ ‘ರೆವಲ್ಯೂಷನ್’ ಮುದ್ರಿಸುವಾಗ ಗಿಟಾರನ್ನು ನೇರವಾಗಿ ಮಿಕ್ಸಿಂಗ್ ಮೇಜಿಗೇ ಜೋಡಿಸಿ, ಅದು ತಾಳಲಾರದಷ್ಟು ಸಿಗ್ನಲ್ ತುಂಬಿದರು. ಪಿಂಕ್ ಫ್ಲಾಯ್ಡಿನ ‘ಅನದರ್ ಬ್ರಿಕ್ ಇನ್ ದ ವಾಲ್’ ಎರಡನೆಯ ಭಾಗದಲ್ಲಿ ಬರುವ ಗಿಲ್ಮೋರ್ ಅವರ ಸೋಲೋ ಕೂಡ ಹೀಗೆಯೇ ಲೆಸ್ ಪಾಲ್ ಗಿಟಾರಿನಿಂದ ನೇರವಾಗಿ ಮೇಜಿಗೆ ಹೋದದ್ದು. ಎಸಿಡಿಸಿ ತಂಡದ ‘ಬ್ಯಾಕ್ ಇನ್ ಬ್ಲ್ಯಾಕ್’ 1980ರದ್ದು. ಅಲ್ಲಿ ಆಂಗಸ್ ಯಂಗ್ ಅವರ ಗಿಬ್ಸನ್ ಎಸ್‌ಜಿ ಗಿಟಾರು, ಗಟ್ಟಿಯಾಗಿ ಹಾಕಿದ ಮಾರ್ಷಲ್ ಆಂಪು ಇವೇ ಮುಖ್ಯ. ಆ ದನಿಯನ್ನು ಹುಡುಕುವವರು ಡಿಸ್ಟಾರ್ಷನ್ ಪೆಡಲ್ ಕೊಂಡು ಅದರ ಗುಂಡಿಯನ್ನು ಕೊನೆಯವರೆಗೆ ತಿರುಗಿಸುತ್ತಾರೆ. ಎಸಿಡಿಸಿಯ ಗಿಟಾರಿನಲ್ಲಿ ಒಡಕು ಜನ ಎಣಿಸುವುದಕ್ಕಿಂತ ತುಂಬಾ ಕಡಿಮೆ. ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕೇಳುತ್ತದೆ, ಅದರ ಬಲವೆಲ್ಲ ಅಲ್ಲಿಯೇ ಇದೆ.

ಒಡಕು ಎಂದರೇನು ಎಂಬುದನ್ನು ಇಲ್ಲಿ ಸ್ವಲ್ಪ ನೋಡಬೇಕು. ತಂತಿ ಮಿಡಿದಾಗ ಗಿಟಾರಿನಿಂದ ಹೊರಡುವ ವಿದ್ಯುತ್ ಅಲೆ ಏರಿಳಿಯುತ್ತದೆ. ಆಂಪ್ಲಿಫೈಯರಾಗಲಿ ಟ್ರಾನ್ಸಿಸ್ಟರಾಗಲಿ ಅದನ್ನು ಒಂದು ಎತ್ತರದವರೆಗೆ ಮಾತ್ರ ಹಿಗ್ಗಿಸಬಲ್ಲದು. ಅದಕ್ಕೂ ಹೆಚ್ಚು ಬಂದರೆ, ಸೇರಿನಲ್ಲಿ ರಾಗಿ ಅಳೆಯುವವರು ಮೇಲೆ ನಿಂತ ರಾಶಿಯನ್ನು ಕೈಯಿಂದ ಸವರಿ ಮಟ್ಟ ಮಾಡುವ ಹಾಗೆ ಅಲೆಯ ನೆತ್ತಿ ಸವರಿಹೋಗುತ್ತದೆ. ನೆತ್ತಿ ಚಪ್ಪಟೆಯಾದ ಅಲೆಯಲ್ಲಿ ಮೂಲ ಸ್ವರದಲ್ಲಿ ಇಲ್ಲದ ಹೊಸ ಮೇಲ್‌ಸ್ವರಗಳು ಹುಟ್ಟುತ್ತವೆ. ಕಿವಿ ಅವನ್ನೇ ಗರಗರ ಎಂದು, ಉರಿ ಎಂದು, ಮೊರೆತ ಎಂದು ಕೇಳುತ್ತದೆ. ನೆತ್ತಿ ಮೆಲ್ಲಗೆ ದುಂಡಾಗಿ ಬಾಗಿದರೆ ಓವರ್‌ಡ್ರೈವ್. ಗಟ್ಟಿಯಾಗಿ ಕತ್ತರಿಸಿದರೆ ಡಿಸ್ಟಾರ್ಷನ್. ಅಲೆ ಬಹುಮಟ್ಟಿಗೆ ಚೌಕವೇ ಆಗಿಬಿಟ್ಟರೆ ಫಝ್. ನಾಲ್ಕನೆಯದು ಬೂಸ್ಟ್. ಅದು ತಾನು ಏನನ್ನೂ ಕತ್ತರಿಸದೆ ಸಿಗ್ನಲ್ಲನ್ನು ಹಿಗ್ಗಿಸಿ, ಕತ್ತರಿಸುವ ಕೆಲಸವನ್ನು ಆಂಪಿಗೆ ಬಿಡುತ್ತದೆ. ಅಂಗಡಿಯಲ್ಲಿ ಕಾಣುವ ಹತ್ತಾರು ಒಡಕಿನ ಪೆಡಲುಗಳೆಲ್ಲ ಈ ನಾಲ್ಕು ಮನೆತನಗಳಿಗೆ ಸೇರಿದವು. ಕೊಳ್ಳುವವರು ತಮಗೆ ಬೇಕಾದದ್ದು ಯಾವ ಮನೆತನದ್ದು ಎಂದು ಗುರುತಿಸಿಕೊಂಡರೆ ಅರ್ಧ ಕೆಲಸ ಆದಂತೆ.

ಬೂಸ್ಟಿನ ಮಾತಿಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಹೋಗಬೇಕು. ಬ್ಲ್ಯಾಕ್ ಸಬ್ಬತ್ ತಂಡದ ಗಿಟಾರ್ ವಾದಕ ಟೋನಿ ಅಯೋಮಿ ಹದಿನೇಳನೆಯ ವಯಸ್ಸಿನಲ್ಲಿ ಲೋಹದ ತಗಡಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದರು. ಕೆಲಸ ಬಿಡುವ ದಿನವೇ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಅವರು ಎಡಚರು, ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡರು, ನೋವಾಗದಿರಲೆಂದು ತೆಳು ತಂತಿ ಹಾಕಿದರು, ಆಮೇಲಿನ ವರ್ಷಗಳಲ್ಲಿ ಶ್ರುತಿಯನ್ನೂ ಇಳಿಸಿದರು. ಆ ತಂಡದ ಭಾರವಾದ ದನಿಗೆ ಇವೆಲ್ಲ ಕಾರಣಗಳು. ಅವರು ನೆಚ್ಚಿದ ಪೆಟ್ಟಿಗೆ ಡಲ್ಲಾಸ್ ರೇಂಜ್‌ಮಾಸ್ಟರ್. ಅದರೊಳಗೆ ಇರುವುದು ಒಂದೇ ಒಂದು ಜರ್ಮೇನಿಯಂ ಟ್ರಾನ್ಸಿಸ್ಟರು. ತಗ್ಗಿನ ಸ್ವರಗಳನ್ನು ಹಿಂದೆ ಬಿಟ್ಟು ಮೇಲಿನವನ್ನು ಎತ್ತಿಕೊಡುವುದು ಅದರ ಕೆಲಸ. ಮಂಕಾಗಿ ಗುಂಯ್‌ಗುಡುವ ಲೇನಿ ಆಂಪನ್ನು ಅದು ಮುಂದಕ್ಕೆ ನೂಕಿ, ಒಡಕಿನ ನಡುವೆಯೂ ಸ್ವರಗಳು ಸ್ಪಷ್ಟವಾಗಿ ನಿಲ್ಲುವಂತೆ ಮಾಡಿತು.

ಬ್ರಯಾನ್ ಮೇ ಅವರ ದಾರಿಯೂ ಇದೇ. 1963ರಲ್ಲಿ ತಂದೆಯ ಜೊತೆ ಸೇರಿ ಹಳೆಯ ಬೆಂಕಿಗೂಡಿನ ಮರದಿಂದ ಗಿಟಾರು ಮಾಡಲು ಕೂತ ಹುಡುಗ ಮುಂದೆ ಅದೇ ಗಿಟಾರನ್ನು ಹಿಡಿದು ಜಗತ್ತು ಸುತ್ತಿದ. ಮೀಟಲು ಪ್ಲಾಸ್ಟಿಕ್ಕಿನ ಪ್ಲೆಕ್ಟ್ರಮ್ ಬದಲು ಆರು ಪೆನ್ಸಿನ ನಾಣ್ಯ. ಮುಂದೆ ಒಂದು ಟ್ರೆಬಲ್ ಬೂಸ್ಟರ್, ಅದರ ಮುಂದೆ ವಾಲ್ಯೂಮನ್ನು ಪೂರ್ತಿ ಎತ್ತಿದ ವಾಕ್ಸ್ ಎಸಿ30 ಆಂಪು. ಹಾಡುವಂಥ ಆ ದನಿಯ ಒಡಕೆಲ್ಲ ಆಂಪಿನ ವಾಲ್ವುಗಳದ್ದು, ಅಂದರೆ ನಿರ್ವಾತ ಕೊಳವೆಗಳದ್ದು. ಐರ್ಲೆಂಡಿನ ರೋರಿ ಗ್ಯಾಲಗರ್ ಕೂಡ ರೇಂಜ್‌ಮಾಸ್ಟರನ್ನು ಎಸಿ30ಗೆ ಜೋಡಿಸಿದವರೇ. ಆದ್ದರಿಂದ ಸಬ್ಬತ್ ಮತ್ತು ಕ್ವೀನ್ ದನಿ ಬೇಕೆನ್ನುವವರು ಟ್ರೆಬಲ್ ಬೂಸ್ಟರ್ ಕೊಳ್ಳುವ ಮುನ್ನ ತಮ್ಮ ಆಂಪ್ ಯಾವುದೆಂದು ನೋಡಿಕೊಳ್ಳಬೇಕು. ಒಡೆಯದ, ಶುದ್ಧ ದನಿಯ ಆಂಪಿಗೆ ಟ್ರೆಬಲ್ ಬೂಸ್ಟರ್ ಜೋಡಿಸಿದರೆ ಸಿಗುವುದು ಬರಿಯ ಚುಚ್ಚುವ ಕೀರಲು.

ಫಝ್ ಪೆಡಲುಗಳಲ್ಲಿ ಹೆಚ್ಚು ಪ್ರೀತಿ ಗಳಿಸಿದ್ದು ಫಝ್ ಫೇಸ್. ಲಂಡನ್ನಿನ ಆರ್ಬಿಟರ್ ಕಂಪನಿ 1966ರಲ್ಲಿ ತಂದ, ಮೈಕಿನ ಸ್ಟ್ಯಾಂಡಿನ ಬುಡದಂತೆ ದುಂಡಗಿರುವ ಪೆಟ್ಟಿಗೆ ಅದು. ಒಳಗೆ ಎರಡೇ ಟ್ರಾನ್ಸಿಸ್ಟರುಗಳು, ಹೊರಗೆ ಎರಡೇ ಗುಂಡಿಗಳು. ಅದೇ ವರ್ಷ ಲಂಡನ್ನಿಗೆ ಬಂದ ಜಿಮಿ ಹೆಂಡ್ರಿಕ್ಸ್ ಅದನ್ನು ಸ್ಟ್ರಾಟೊಕಾಸ್ಟರ್ ಗಿಟಾರಿಗೂ ಮಾರ್ಷಲ್ ಆಂಪಿಗೂ ನಡುವೆ ಇಟ್ಟರು. ಈ ಪೆಡಲಿನ ಗುಟ್ಟು ಗಿಟಾರಿನ ವಾಲ್ಯೂಮ್ ಗುಂಡಿಯಲ್ಲಿದೆ. ಪೂರ್ತಿ ಎತ್ತಿದರೆ ಮೊರೆತ. ಸ್ವಲ್ಪ ಇಳಿಸಿದರೆ ಅದೇ ದನಿ ತಿಳಿಯಾಗಿ, ಗಾಜಿನ ಹೊಳಪಿನಿಂದ ಬರುತ್ತದೆ. ಹೆಂಡ್ರಿಕ್ಸ್ ಒಂದೇ ಹಾಡಿನೊಳಗೆ ಎಷ್ಟೋ ಸಲ ಹೀಗೆ ಏರಿಳಿಸುತ್ತಿದ್ದರು. ಇದು ಸಾಧ್ಯವಾಗಬೇಕಾದರೆ ತಂತಿಯ ಮಿಡಿತವನ್ನು ವಿದ್ಯುತ್ತಾಗಿಸುವ ಗಿಟಾರಿನ ಪಿಕಪ್ಪಿಗೂ ಫಝ್ ಫೇಸಿಗೂ ನಡುವೆ ಬಫರ್ (ಸಿಗ್ನಲ್ಲಿಗೆ ಬಲ ಕೊಡುವ ಸರ್ಕ್ಯೂಟ್) ಇರುವ ಬೇರೆ ಪೆಡಲ್ ಇರಬಾರದು, ಸರಪಣಿಯಲ್ಲಿ ಫಝ್ ಮೊದಲನೆಯದಾಗಬೇಕು. ಫಝ್ ಫೇಸ್ ಕೊಂಡು, ಅದನ್ನು ಸಾಲಿನ ನಡುವೆ ಇಟ್ಟು, ದನಿ ಚೆನ್ನಾಗಿಲ್ಲವೆಂದು ಮಾರಿಬಿಟ್ಟವರು ಇದೊಂದು ಸಂಗತಿ ತಿಳಿಯದೆ ಮೋಸಹೋದವರು.

‘ಪರ್ಪಲ್ ಹೇಝ್’ ಹಾಡಿನ ಸೋಲೋದಲ್ಲಿ ಫಝ್ ಅಷ್ಟೇ ಅಲ್ಲ, ಆಕ್ಟೇವಿಯಾ ಎಂಬ ಇನ್ನೊಂದು ಪೆಟ್ಟಿಗೆಯೂ ಇದೆ. ಬ್ರಿಟಿಷ್ ನೌಕಾಪಡೆಯ ಸಂಶೋಧನಾಲಯದಲ್ಲಿ ಕೆಲಸ ಮಾಡಿದ್ದ ರೋಜರ್ ಮೇಯರ್ ಅದನ್ನು ಮಾಡಿಕೊಟ್ಟರು. ನುಡಿಸಿದ ಸ್ವರದ ಜೊತೆಗೆ ಅದರ ಮೇಲಿನ ಸ್ಥಾಯಿಯ ಅದೇ ಸ್ವರವೂ ಕೇಳುವಂತೆ ಮಾಡುವುದು ಅದರ ವಿಶೇಷ. ಆ ಹಾಡಿಗೆ ಬರಿಯ ಫಝ್ ಹಾಕಿ ನುಡಿಸಿದವರಿಗೆ ಏನೋ ಕೊರತೆ ಅನ್ನಿಸುವುದು ಇದರಿಂದಲೇ.

ಮೊದಮೊದಲ ಫಝ್ ಫೇಸುಗಳಲ್ಲಿ ಇದ್ದದ್ದು ಜರ್ಮೇನಿಯಂ ಟ್ರಾನ್ಸಿಸ್ಟರು, ಆಮೇಲೆ ಬಂದದ್ದು ಬಿಸಿ108ನಂಥ ಸಿಲಿಕಾನ್. ಜರ್ಮೇನಿಯಂ ದನಿ ಮೃದು, ಬೆಚ್ಚಗೆ. ಸಿಲಿಕಾನ್ ದನಿ ಚುರುಕು, ಖಾರ. 1973ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಕಾಲದ ಗಿಲ್ಮೋರ್ ಬಳಸಿದ್ದು ಸಿಲಿಕಾನ್ ಫಝ್ ಫೇಸ್. ಜರ್ಮೇನಿಯಮ್ಮಿಗೆ ಒಂದು ದೌರ್ಬಲ್ಯವಿದೆ, ಬಿಸಿಲು. ತಾಪಮಾನ 10 ಡಿಗ್ರಿ ಏರಿದರೆ ಅದರೊಳಗಿನ ಸೋರಿಕೆಯ ವಿದ್ಯುತ್ತು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಲಂಡನ್ನಿನ ತಂಪಿನಲ್ಲಿ ಹದವಾಗಿ ನುಡಿಯುವ ಪೆಟ್ಟಿಗೆ ಬೇಸಿಗೆಯ ಕಲಬುರಗಿಯಲ್ಲೋ ರಾಯಚೂರಿನಲ್ಲೋ, 40 ಡಿಗ್ರಿ ದಾಟಿದ ಮಧ್ಯಾಹ್ನ, ಉಸಿರು ಕಟ್ಟಿದಂತೆ ತಡವರಿಸಿ ದನಿ ಕೊಡುತ್ತದೆ. ನಮ್ಮ ನಾಡಿನಲ್ಲಿ ಬಯಲು ವೇದಿಕೆಗಳಲ್ಲಿ ನುಡಿಸುವವರಿಗೆ ಸಿಲಿಕಾನ್ ಫಝ್ಝೇ ನಂಬಿಕಸ್ಥ.

ಅದನ್ನು ಕೊಳ್ಳಲೇಬೇಕೆಂದೂ ಇಲ್ಲ. ಸರ್ಕ್ಯೂಟ್ ಅಷ್ಟು ಸರಳವಾಗಿರುವುದರಿಂದ ಬೆಸುಗೆ ಹಾಕಲು ಬಲ್ಲ ವಿದ್ಯಾರ್ಥಿ ಮನೆಯಲ್ಲೇ ಕಟ್ಟಬಹುದು. ಅದಕ್ಕೆ ಬೇಕಾದ ರೆಸಿಸ್ಟರು, ಕೆಪಾಸಿಟರು, ಸಿಲಿಕಾನ್ ಟ್ರಾನ್ಸಿಸ್ಟರುಗಳು ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ದಿನವೂ ಬಿಕರಿಯಾಗುವ ಸಾಮಾನುಗಳೇ. ಒಂದು ಫಝ್ ಕಟ್ಟಿದವರಿಗೆ ಪೆಡಲುಗಳ ಬಗ್ಗೆ ಬರುವ ತಿಳಿವಳಿಕೆ ಹತ್ತು ಜಾಹೀರಾತು ಓದಿದವರಿಗೆ ಬರುವುದಿಲ್ಲ.

ಇದೇ ಮನೆತನದ ಇನ್ನಿಬ್ಬರ ಮಾತು. ಲಂಡನ್ನಿನ ಗ್ಯಾರಿ ಹರ್ಸ್ಟ್ 1965ರಲ್ಲಿ ರೂಪಿಸಿದ ಟೋನ್ ಬೆಂಡರ್ ಒಂದು. ಯಾರ್ಡ್‌ಬರ್ಡ್ಸ್ ತಂಡ ಆ ವರ್ಷ ‘ಹಾರ್ಟ್ ಫುಲ್ ಆಫ್ ಸೋಲ್’ ಹಾಡಿಗೆ ನಮ್ಮ ಸಿತಾರ್ ಬೇಕೆಂದು ಸಿತಾರ್ ವಾದಕರನ್ನೇ ಕರೆಸಿತ್ತು. ಸಿತಾರಿನ ನಾದ ಆ ಗದ್ದಲದಲ್ಲಿ ನಿಲ್ಲಲಿಲ್ಲ. ಜೆಫ್ ಬೆಕ್ ಫಝ್ ಹಾಕಿದ ಗಿಟಾರಿನಲ್ಲಿ ಅದೇ ಸ್ವರಗಳನ್ನು ನುಡಿಸಿ ಆ ಝೇಂಕಾರವನ್ನು ಹತ್ತಿರ ತಂದರು. ಜಿಮ್ಮಿ ಪೇಜ್ ಕೂಡ ಲೆಡ್ ಝೆಪ್ಪೆಲಿನ್ ತಂಡದ 1969ರ ಮೊದಲ ಆಲ್ಬಮ್ಮಿನಲ್ಲಿ ಬಳಸಿದ್ದು ಟೋನ್ ಬೆಂಡರನ್ನೇ. ಜೊತೆಗಿದ್ದದ್ದು ಟೆಲಿಕಾಸ್ಟರ್ ಗಿಟಾರು, ಸುಪ್ರೋ ಎಂಬ ಚಿಕ್ಕ ಆಂಪು. ಝೆಪ್ಪೆಲಿನ್ ಎಂದರೆ ಲೆಸ್ ಪಾಲ್ ಮತ್ತು ದೊಡ್ಡ ಮಾರ್ಷಲ್ ಎಂದೇ ನಂಬಿದವರು ಆ ಆಲ್ಬಮ್ಮನ್ನು ಮತ್ತೆ ಕೇಳಬೇಕು.

ಇನ್ನೊಂದು ಬಿಗ್ ಮಫ್. ನ್ಯೂಯಾರ್ಕಿನ ಎಲೆಕ್ಟ್ರೋ ಹಾರ್ಮನಿಕ್ಸ್ ಕಂಪನಿಯ ಮೈಕ್ ಮ್ಯಾಥ್ಯೂಸ್ 1969ರ ಸುಮಾರಿಗೆ ತಂದದ್ದು. ನಾಲ್ಕು ಟ್ರಾನ್ಸಿಸ್ಟರುಗಳ ಈ ಪೆಡಲ್ ಸ್ವರವನ್ನು ಬಹಳ ಹೊತ್ತು ಎಳೆದು ನಿಲ್ಲಿಸುತ್ತದೆ, ಬಿಲ್ಲಿನಿಂದ ನುಡಿಸುವ ವಾದ್ಯದ ನಯ ಕೊಡುತ್ತದೆ. 1977ರ ‘ಅನಿಮಲ್ಸ್’, 1979ರ ‘ದ ವಾಲ್’ ಆಲ್ಬಮ್ಮುಗಳ ಗಿಲ್ಮೋರ್ ದನಿಯಲ್ಲಿ ಅದರ ಪಾಲು ದೊಡ್ಡದು. ‘ಕಂಫರ್ಟಬ್ಲಿ ನಂಬ್’ ಹಾಡಿನ ಕೊನೆಯ ಸೋಲೋ ಬೇಕೆಂದು ಎಷ್ಟೋ ಜನ ಬಿಗ್ ಮಫ್ ಕೊಳ್ಳುತ್ತಾರೆ, ಮನೆಗೆ ತಂದು ನುಡಿಸಿದರೆ ಜೇನುಹುಳದ ಗುಂಯ್‌ಗುಟ್ಟುವಿಕೆ ಬರುತ್ತದೆ. ಕಾರಣವಿದೆ. ಬಿಗ್ ಮಫ್ ನಡುವಣ ಸ್ವರಪಟ್ಟಿಯನ್ನು ತಗ್ಗಿಸುತ್ತದೆ. ಗಿಲ್ಮೋರ್ ಅವರ ಹೈವಾಟ್ ಆಂಪು ಅತಿ ಗಟ್ಟಿಯಾಗಿ, ಒಡೆಯದೆ, ಆ ದನಿಗೆ ಮೈ ಕೊಡುತ್ತಿತ್ತು. ಹಿಂದಿನಿಂದ ಡಿಲೇ, ಅಂದರೆ ತಡವಾಗಿ ಮರಳುವ ಮಾರ್ದನಿ, ಅದಕ್ಕೆ ವಿಸ್ತಾರ ಕೊಡುತ್ತಿತ್ತು. ಜೊತೆಗೆ ಆ ಸೋಲೋ ಒಂದೇ ಉಸಿರಿನದ್ದಲ್ಲ. ಐದಾರು ಸಲ ನುಡಿಸಿ ಅವುಗಳ ಒಳ್ಳೆಯ ಭಾಗಗಳನ್ನು ಆರಿಸಿ ಜೋಡಿಸಿದ್ದು.

ಮನೆಯಲ್ಲಿ ಚಿಕ್ಕ ಆಂಪ್ ಇಟ್ಟುಕೊಂಡವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಓವರ್‌ಡ್ರೈವ್. ಜಪಾನಿನ ಬಾಸ್ ಕಂಪನಿ 1977ರಲ್ಲಿ ಓಡಿ-1 ತಂದಿತು. 1979ರ ಹೊತ್ತಿಗೆ ಇಬಾನೆಝ್ ಹೆಸರಿನಲ್ಲಿ ಹಸಿರು ಬಣ್ಣದ ಟ್ಯೂಬ್ ಸ್ಕ್ರೀಮರ್ ಬಂತು. ಇದು ತಗ್ಗಿನ ಸ್ವರಗಳನ್ನು ಕೊಂಚ ಕಡಿಮೆ ಮಾಡಿ ನಡುವಣ ಸ್ವರಪಟ್ಟಿಯನ್ನು ಉಬ್ಬಿಸುತ್ತದೆ. ಡ್ರಮ್ಮು, ಬೇಸುಗಳ ನಡುವೆಯೂ ಗಿಟಾರು ಕೇಳುವುದು ಆ ಉಬ್ಬಿನಿಂದ. ಟೆಕ್ಸಸ್ಸಿನ ಸ್ಟೀವಿ ರೇ ವಾನ್ ಅದರ ಒಡಕಿನ ಗುಂಡಿಯನ್ನು ತಗ್ಗಿಸಿ, ವಾಲ್ಯೂಮ್ ಗುಂಡಿಯನ್ನು ಏರಿಸಿ, ಗಟ್ಟಿ ಆಂಪನ್ನು ಇನ್ನಷ್ಟು ನೂಕಲು ಬಳಸಿದರು. ಒಂದೇ ಪೆಡಲ್ ಕೊಳ್ಳುವಷ್ಟು ಹಣವಿದ್ದರೆ ಈ ಜಾತಿಯದನ್ನು ಕೊಳ್ಳುವುದು ಜಾಣತನ. ತಗ್ಗಿಸಿ ಇಟ್ಟರೆ ಬೂಸ್ಟ್, ಏರಿಸಿದರೆ ಎಪ್ಪತ್ತರ ದಶಕದ ರಾಕ್, ಬಿಗ್ ಮಫ್ ಜೊತೆ ಸೇರಿಸಿದರೆ ಅದರ ನಡುವಣ ತಗ್ಗನ್ನು ತುಂಬುವ ಉಪಾಯ.

ಇಷ್ಟು ಒಡಕಿನ ಮಾತು. ಅಲೆಯನ್ನು ಒಡೆಯದೆ ಅಲುಗಾಡಿಸುವ ಪೆಡಲುಗಳದ್ದು ಇನ್ನೊಂದು ಕುಲ. ಅದರಲ್ಲಿ ಹಿರಿಯದು ವಾ-ವಾ. 1966ರಲ್ಲಿ ಕ್ಯಾಲಿಫೋರ್ನಿಯಾದ ಥಾಮಸ್ ಆರ್ಗನ್ ಕಂಪನಿಯಲ್ಲಿ ಬ್ರ್ಯಾಡ್ ಪ್ಲಂಕೆಟ್ ಎಂಬ ತರುಣ ಎಂಜಿನಿಯರ್ ವಾಕ್ಸ್ ಆಂಪಿನ ಒಂದು ದುಬಾರಿ ಸ್ವಿಚ್ಚಿನ ಬದಲು ಅಗ್ಗದ ತಿರುಗುಗುಂಡಿ ಹಾಕಲು ನೋಡುತ್ತಿದ್ದರು. ಗುಂಡಿ ತಿರುಗಿಸಿದಾಗ ದನಿ ಬಾಯಿ ತೆರೆದು ಮುಚ್ಚಿದಂತೆ ಕೇಳಿತು. ಅದನ್ನು ಆರ್ಗನ್ನಿನ ಕಾಲ್ಪೆಡಲಿನೊಳಗೆ ಕೂರಿಸಿದರು. 1967ರಲ್ಲಿ ಕ್ರೀಮ್ ತಂಡದ ‘ಟೇಲ್ಸ್ ಆಫ್ ಬ್ರೇವ್ ಯುಲಿಸೀಸ್’ ಹಾಡಿನಲ್ಲಿ ಎರಿಕ್ ಕ್ಲ್ಯಾಪ್ಟನ್, ಮರುವರ್ಷ ‘ವೂಡೂ ಚೈಲ್ಡ್’ ಹಾಡಿನಲ್ಲಿ ಹೆಂಡ್ರಿಕ್ಸ್ ಅದನ್ನು ಮಾತಾಡಿಸಿದರು. ತಾಳಕ್ಕೆ ಸರಿಯಾಗಿ ಕಾಲಾಡಿಸುವುದಷ್ಟೇ ಅದರ ಬಳಕೆಯಲ್ಲ. ಅರ್ಧ ತುಳಿದು ಹಾಗೆಯೇ ಬಿಟ್ಟರೆ ಮೂಗಿನಿಂದ ಬಂದಂಥ, ಗುಂಪಿನಲ್ಲೂ ಕಳೆದುಹೋಗದ ಒಂದು ದನಿ ಸಿಗುತ್ತದೆ. ಡೇವಿಡ್ ಬೋವೀ ಜೊತೆಗಿದ್ದ ಮಿಕ್ ರಾನ್ಸನ್ ಆ ದನಿಯನ್ನೇ ನೆಚ್ಚಿಕೊಂಡಿದ್ದರು.

ಜಪಾನಿನ ಫುಮಿಯೋ ಮಿಯೆಡಾ ಅರುವತ್ತರ ದಶಕದ ಕೊನೆಯಲ್ಲಿ ರೂಪಿಸಿದ ಯೂನಿವೈಬ್ ಈ ಕುಲದ ಇನ್ನೊಬ್ಬ ಹಿರಿಯ. ಪೆಟ್ಟಿಗೆಯ ನಡುವೆ ಒಂದು ಪುಟ್ಟ ಬಲ್ಬು ಮಿಣಮಿಣ ಮಿನುಗುತ್ತದೆ, ಸುತ್ತಲಿನ ನಾಲ್ಕು ಬೆಳಕಿನ ಕಣ್ಣುಗಳು ಆ ಮಿನುಗನ್ನು ದನಿಯ ಬಳುಕಾಗಿ ಬದಲಿಸುತ್ತವೆ. 1969ರ ವುಡ್‌ಸ್ಟಾಕಿನ ಹೆಂಡ್ರಿಕ್ಸ್, ‘ಬ್ರೀದ್’ ಹಾಡಿನ ಗಿಲ್ಮೋರ್, 1974ರ ‘ಬ್ರಿಜ್ ಆಫ್ ಸೈಸ್’ ಆಲ್ಬಮ್ಮಿನ ರಾಬಿನ್ ಟ್ರೋವರ್ ಇವರ ನೀರಿನಲ್ಲಿ ತೇಲುವಂಥ ದನಿ ಅದರದ್ದು. ರಾಚೆಸ್ಟರ್ ನಗರದ ಎಂಎಕ್ಸ್ಆರ್ ಕಂಪನಿಯ ಕಿತ್ತಳೆ ಬಣ್ಣದ ಫೇಸರ್ ಪೆಡಲ್ ಫೇಸ್ 90 ಬಂದದ್ದು ಎಪ್ಪತ್ತರ ದಶಕದಲ್ಲಿ. ಅದಕ್ಕೆ ಒಂದೇ ಗುಂಡಿ, ವೇಗದ್ದು. ಎಡ್ಡಿ ವ್ಯಾನ್ ಹೇಲನ್ 1978ರ ಮೊದಲ ಆಲ್ಬಮ್ಮಿನಲ್ಲಿ ಅದನ್ನು ನಿಧಾನಕ್ಕೆ ಇಟ್ಟು, ಸೋಲೋಗಳಿಗೆ ಮಾತ್ರ ಒಂದು ಸುಳಿ ಕೊಟ್ಟರು. ಅವರ ಒಡಕು ಮಾರ್ಷಲ್ ಆಂಪಿನದ್ದು. ವೇರಿಯಾಕ್ ಎಂಬ ಸಾಧನದಿಂದ ಆ ಆಂಪಿನ ವೋಲ್ಟೇಜನ್ನು ಅವರು ಸುಮಾರು 90ಕ್ಕೆ ಇಳಿಸುತ್ತಿದ್ದರು. ಹೆಚ್ಚು ವೋಲ್ಟೇಜಿನೊಡನೆ ಆಟವಾಡುವ ಈ ಕೆಲಸವನ್ನು ಮನೆಯಲ್ಲಿ ಯಾರೂ ಮಾಡಬಾರದು.

ವೋಲ್ಟೇಜಿನ ಮಾತು ಬಂದಾಗ ಇನ್ನೊಂದು ಎಚ್ಚರಿಕೆ. ಅಮೆರಿಕದಲ್ಲಿರುವ ಅಣ್ಣನೋ ಅಕ್ಕನೋ ಊರಿಗೆ ಬರುವಾಗ ತಂದುಕೊಡುವ ವಾಲ್ವ್ ಆಂಪು ಸಾಮಾನ್ಯವಾಗಿ 120 ವೋಲ್ಟಿನದ್ದು. ಅದನ್ನು ನಮ್ಮ 230 ವೋಲ್ಟಿನ ಸಾಕೆಟ್ಟಿಗೆ ನೇರವಾಗಿ ಚುಚ್ಚಿದರೆ ಸುಟ್ಟುಹೋಗುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಪೆಡಲುಗಳಿಗೆ ಸಾಮಾನ್ಯವಾಗಿ 9 ವೋಲ್ಟ್ ಸಾಕು, ಅಡಾಪ್ಟರಿನ ಪಿನ್ನಿನ ನಡುಭಾಗ ಋಣ ಧ್ರುವ. ಹಳೆಯ ಮಾದರಿಯ ಎಷ್ಟೋ ಜರ್ಮೇನಿಯಂ ಫಝ್‌ಗಳಿಗೆ ಇದು ತಿರುಗುಮುರುಗು. ಅವನ್ನು ಉಳಿದವುಗಳ ಜೊತೆ ಒಂದೇ ಅಡಾಪ್ಟರಿನ ಕವಲು ವೈರಿಗೆ ಸೇರಿಸಬಾರದು, ಬ್ಯಾಟರಿಯನ್ನೇ ಹಾಕಬೇಕು.

ಮಾರ್ದನಿಯದ್ದು ಮೂರನೆಯ ಕುಲ. ಲಂಡನ್ನಿನ ಚಾರ್ಲಿ ವಾಟ್ಕಿನ್ಸ್ 1958ರಲ್ಲಿ ತಂದ ಕಾಪಿಕ್ಯಾಟ್, ಅಮೆರಿಕದ ಎಕೋಪ್ಲೆಕ್ಸ್ ಎರಡೂ ಟೇಪಿನ ಸುರುಳಿಯ ಮೇಲೆ ದನಿಯನ್ನು ಮುದ್ರಿಸಿ ತುಸು ತಡವಾಗಿ ಮತ್ತೆ ಕೇಳಿಸುತ್ತಿದ್ದವು. ಇಟಲಿಯ ಬಿನ್ಸನ್ ಎಕೋರೆಕ್ ಟೇಪಿನ ಬದಲು ಅಯಸ್ಕಾಂತೀಯ ಡ್ರಮ್ ಬಳಸಿತು. ಪಿಂಕ್ ಫ್ಲಾಯ್ಡಿನ 1971ರ ‘ಒನ್ ಆಫ್ ದೀಸ್ ಡೇಸ್’ ಹಾಡಿನ ಬೇಸ್ ಗಿಟಾರಿನಲ್ಲಿ ಅದು ಎದ್ದು ಕೇಳುತ್ತದೆ. 1969ರಲ್ಲಿ ಫಿಲಿಪ್ಸ್ ಸಂಶೋಧಕರು ವಿದ್ಯುತ್ ಹನಿಗಳನ್ನು ಒಂದು ಕೋಶದಿಂದ ಇನ್ನೊಂದಕ್ಕೆ ದಾಟಿಸುವ ಚಿಪ್ ಕಂಡುಹಿಡಿದ ಮೇಲೆ ಮಾರ್ದನಿ ಅಂಗೈಯಗಲದ ಪೆಟ್ಟಿಗೆಗೆ ಇಳಿಯಿತು. ಅದೇ ಚಿಪ್ಪಿನಿಂದ 1976ರಲ್ಲಿ ಬಾಸ್ ಕಂಪನಿಯ ಮೊದಲ ಕೋರಸ್ ಪೆಡಲ್ (ಒಂದು ದನಿ ಹಲವಾಗಿ ಕೇಳುವಂತೆ ಮಾಡುವಂಥದ್ದು) ಸಿಇ-1 ಕೂಡ ಬಂತು. 1983ರಲ್ಲಿ ಡಿಡಿ-2 ಪೆಡಲಿನೊಂದಿಗೆ ಡಿಜಿಟಲ್ ಡಿಲೇ ಕಾಲಡಿಗೆ ಬಂತು.

ಡಿಲೇ ಕೊಂಡವರು ಕಲಿಯಬೇಕಾದದ್ದು ಒಂದು ಸಣ್ಣ ಗಣಿತ. 60,000ವನ್ನು ಹಾಡಿನ ನಿಮಿಷದ ತಾಳದ ಸಂಖ್ಯೆಯಿಂದ ಭಾಗಿಸಿದರೆ ಒಂದು ತಾಳದ ಕಾಲ ಮಿಲಿಸೆಕೆಂಡಿನಲ್ಲಿ ಸಿಗುತ್ತದೆ. 120 ತಾಳದ ಹಾಡಿಗೆ ಅದು 500. ಅದರ ಮುಕ್ಕಾಲು ಪಾಲು, ಅಂದರೆ 375ಕ್ಕೆ ಡಿಲೇ ಇಟ್ಟು ಸರಳ ಸ್ವರಗಳನ್ನು ನುಡಿಸಿದರೆ, ನುಡಿಸಿದ್ದು ಮತ್ತು ಮರಳಿದ್ದು ಹೆಣೆದುಕೊಂಡು ಕುದುರೆಯ ಓಟದ ಲಯ ಹುಟ್ಟುತ್ತದೆ. ‘ರನ್ ಲೈಕ್ ಹೆಲ್’ ಹಾಡಿನ ಗಿಲ್ಮೋರ್, ‘ವೇರ್ ದ ಸ್ಟ್ರೀಟ್ಸ್ ಹ್ಯಾವ್ ನೋ ನೇಮ್’ ಹಾಡಿನ ಗಿಟಾರ್ ವಾದಕ ದ ಎಡ್ಜ್ ಇಬ್ಬರ ಕೈಚಳಕವೂ ಈ ಲೆಕ್ಕದ ಮೇಲೆ ನಿಂತಿದೆ. ಇದಕ್ಕೆ ದುಬಾರಿ ಪೆಡಲ್ ಬೇಡ. ಸಮಯವನ್ನು ನಿಖರವಾಗಿ ಇಡಲು ಬರುವ ಸಾಧಾರಣ ಡಿಲೇ ಸಾಕು.

ಸಾಲಿನ ಕ್ರಮಕ್ಕೂ ಕಾರಣವಿದೆ. ಗಿಟಾರಿನಿಂದ ಹೊರಟರೆ ಮೊದಲು ಫಝ್, ಆಮೇಲೆ ವಾ, ಓವರ್‌ಡ್ರೈವ್, ಬಳಿಕ ಫೇಸರ್ ಅಥವಾ ಕೋರಸ್, ಕೊನೆಗೆ ಡಿಲೇ. ಡಿಲೇಯನ್ನು ಮುಂದಿಟ್ಟು ಅದರ ನಂತರ ಒಡಕು ಹಾಕಿದರೆ ಮಾರ್ದನಿಗಳೂ ಒಡೆದು ಒಂದರ ಮೇಲೊಂದು ಬಿದ್ದು ಕೆಸರಾಗುತ್ತವೆ. ಹಾಗೆಂದು ಇದು ಕಟ್ಟಳೆಯಲ್ಲ. ಎಪ್ಪತ್ತರ ದಶಕದಲ್ಲಿ ಎಷ್ಟೋ ಜನ ಟೇಪ್ ಎಕೋವನ್ನು ಒಡೆದ ಆಂಪಿನ ಮುಂದೆಯೇ ಇಟ್ಟು ನುಡಿಸಿದ್ದಾರೆ, ವ್ಯಾನ್ ಹೇಲನ್ ಅವರಲ್ಲೊಬ್ಬರು. ಕ್ರಮ ಗೊತ್ತಿದ್ದು ಮುರಿಯುವುದು ಬೇರೆ, ಗೊತ್ತಿಲ್ಲದೆ ಕಂಗಾಲಾಗುವುದು ಬೇರೆ.

ಇಂದಿನ ಗಿಟಾರ್ ವಾದಕರಲ್ಲಿ ಎಷ್ಟೋ ಜನ ನುಡಿಸುವುದು ಅಪಾರ್ಟ್‌ಮೆಂಟಿನ ಕೋಣೆಯಲ್ಲಿ, ಪಕ್ಕದ ಮನೆಯವರಿಗೆ ತೊಂದರೆಯಾಗದ ಸದ್ದಿನಲ್ಲಿ. 100 ವ್ಯಾಟಿನ ಮಾರ್ಷಲ್ ಗೋಡೆ ನಡುಗಿಸುತ್ತಿದ್ದ ದನಿಯನ್ನು ಅಲ್ಲಿ ಯಥಾವತ್ತಾಗಿ ತರಲಾಗದು. ಸದ್ದು ಚಿಕ್ಕದಾದಾಗ ಮನುಷ್ಯನ ಕಿವಿಗೆ ಅತಿ ತಗ್ಗಿನ ಮತ್ತು ಅತಿ ಎತ್ತರದ ಸ್ವರಗಳು ಕಡಿಮೆ ಕೇಳುವುದೂ ಒಂದು ಕಾರಣ. 5 ವ್ಯಾಟಿನ ಸಣ್ಣ ವಾಲ್ವ್ ಆಂಪು, ಇಲ್ಲವೇ ಆಂಪಿನ ಗುಣವನ್ನು ಅನುಕರಿಸುವ ಡಿಜಿಟಲ್ ಸಾಧನ ಮತ್ತು ಹೆಡ್‌ಫೋನು ಅಂಥವರಿಗೆ ಪೆಡಲಿಗಿಂತ ಮೊದಲು ಬೇಕಾದ ವಸ್ತುಗಳು. ಆಂಪಿನ ನೆಲೆ ಸರಿಯಾಗದೆ ಹತ್ತು ಪೆಡಲ್ ಸೇರಿಸಿದರೂ ದನಿಗೆ ಮೈ ಬರುವುದಿಲ್ಲ.

ಕೈಯ ಪಾಲನ್ನೂ ಮರೆಯುವಂತಿಲ್ಲ. 2005ರಲ್ಲಿ ಬೆಂಗಳೂರಿಗೆ ಬಂದು ನುಡಿಸಿದ ಮಾರ್ಕ್ ನಾಫ್ಲರ್ 1978ರ ‘ಸುಲ್ತಾನ್ಸ್ ಆಫ್ ಸ್ವಿಂಗ್’ ಹಾಡಿನಲ್ಲಿ ಪ್ಲೆಕ್ಟ್ರಮ್ ಹಿಡಿಯದೆ ಬರಿಬೆರಳಿನಿಂದ ಸ್ಟ್ರಾಟೊಕಾಸ್ಟರ್ ಮೀಟಿದವರು. ಆ ಹಾಡಿನ ಪಟಪಟ ಸಿಡಿಯುವ ದನಿ ಬೆರಳು ತಂತಿಯನ್ನು ಎಳೆದು ಬಿಡುವುದರಿಂದ ಬಂದದ್ದು. ಅದನ್ನು ಪ್ಲೆಕ್ಟ್ರಮ್ಮಿನಿಂದ ನುಡಿಸುತ್ತಾ ಪೆಡಲ್ ಹುಡುಕುವವರ ದಾರಿ ಮುಗಿಯುವುದೇ ಇಲ್ಲ. ತಂತಿಯ ದಪ್ಪ, ಶ್ರುತಿ, ಪಿಕಪ್ಪಿನ ಆಯ್ಕೆ, ವಾಲ್ಯೂಮ್ ಗುಂಡಿ ಇವುಗಳಿಗೆ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಮೊದಲು ಇವನ್ನು ಬದಲಿಸಿ ನೋಡಬೇಕು.

ಆದ್ದರಿಂದ ಕೊಳ್ಳಲು ಹೊರಟವರಿಗೆ ಒಂದು ಮನವಿ. ಒಂದೇ ಒಂದು ಹಾಡನ್ನು ಆರಿಸಿಕೊಳ್ಳಿ. ಒಳ್ಳೆಯ ಹೆಡ್‌ಫೋನಿನಲ್ಲಿ ಅದನ್ನು ಮತ್ತೆ ಮತ್ತೆ ಕೇಳಿ, ಒಡಕು ಎಷ್ಟು, ಬಳುಕು ಇದೆಯೇ, ಮಾರ್ದನಿ ಇದೆಯೇ ಎಂದು ಬರೆದಿಟ್ಟುಕೊಳ್ಳಿ. ಅಂಗಡಿಗೆ ನಿಮ್ಮದೇ ಗಿಟಾರನ್ನು ಕೊಂಡೊಯ್ಯಿರಿ, ನಿಮ್ಮ ಮನೆಯಲ್ಲಿರುವಂಥ ಆಂಪಿಗೇ ಜೋಡಿಸಿ ನುಡಿಸಿ ನೋಡಿ. ಹೆಂಡ್ರಿಕ್ಸ್ ಬೇಕಾದವರಿಗೆ ಫಝ್, ವಾ, ಯೂನಿವೈಬ್ ಮಾದರಿಯ ಒಂದು ಪೆಡಲ್ ಸಾಕು. ಗಿಲ್ಮೋರ್ ಬೇಕಾದವರಿಗೆ ಬಿಗ್ ಮಫ್, ಡಿಲೇ. ವ್ಯಾನ್ ಹೇಲನ್ ಬೇಕಾದವರಿಗೆ ಒಡೆಯುವ ಆಂಪು, ಫೇಸರ್, ಎಕೋ. ಸಬ್ಬತ್ ಮತ್ತು ಕ್ವೀನ್ ಬೇಕಾದವರಿಗೆ ವಾಲ್ವ್ ಆಂಪು, ಟ್ರೆಬಲ್ ಬೂಸ್ಟರ್. ಎಸಿಡಿಸಿ ಬೇಕಾದವರು ಪೆಡಲಿನ ಹಣವನ್ನು ಆಂಪಿಗೆ ಎತ್ತಿಡಲಿ. ಇನ್ನೂ ಯಾವುದೆಂದು ತೀರ್ಮಾನವಾಗದಿದ್ದರೆ ಒಂದು ಓವರ್‌ಡ್ರೈವ್ ಕೊಂಡು, ಅದರ ಎಲ್ಲ ಗುಂಡಿಗಳನ್ನೂ ಪೂರ್ತಿ ಪರಿಚಯ ಮಾಡಿಕೊಂಡ ಮೇಲೆ ಎರಡನೆಯದರ ಯೋಚನೆ ಮಾಡಿ.